ಓಡುವ ಕಾರು, ನಿಲ್ಲುವ ಕಾರು

ಈಗಿನ ಕಾರಿಗೆ ಕೀಲಿ ತಿರುಗಿಸುವ ಕೆಲಸವೂ ಇಲ್ಲ. ಜೇಬಿನಲ್ಲಿ ಕೀಲಿ ಇದ್ದರೆ ಸಾಕು, ಗುಂಡಿ ಒತ್ತಿದರೆ ಎಂಜಿನ್ ಎದ್ದು ಕೂರುತ್ತದೆ. ಎದ್ದಿದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಬೇಕು, ಅಷ್ಟು ಮೆತ್ತಗಿನ ಸದ್ದು. ಹಿಂದಕ್ಕೆ ತೆಗೆಯುವಾಗ ಕ್ಯಾಮೆರಾ ದಾರಿ ತೋರಿಸುತ್ತದೆ. ತಿರುವು ಬಂದರೆ ಕಾಣದ ಹೆಂಗಸೊಬ್ಬಳು ‘ಎಡಕ್ಕೆ ತಿರುಗಿ’ ಎನ್ನುತ್ತಾಳೆ. ಇದೆಲ್ಲ ಒಳ್ಳೆಯದೇ. ಹಳೆಯದೆಲ್ಲ ಚಿನ್ನ, ಹೊಸದೆಲ್ಲ ಹಿತ್ತಾಳೆ ಎನ್ನುವವನು ನಾನಲ್ಲ. ಆದರೆ ‘ಅಜ್ಜ, ನಿಮ್ಮ ಕಾಲದ ಕಾರಿನಲ್ಲಿ ಅಂಥದ್ದೇನಿತ್ತು?’ ಎಂದು ಮೊಮ್ಮಗಳು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ನನಗೆ ಬರುವುದಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಮಕ್ಕಳೇ, ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ನಾನು ಬಿಟ್ಟದ್ದನ್ನು ಅವರು ಸೇರಿಸಿಯಾರು.

ನಾವು ಚಿಕ್ಕವರಿದ್ದಾಗ ಕಾರುಗಳ ಹೆಸರು ಕಲಿಯುವುದು ಬಹಳ ಸುಲಭ. ದೊಡ್ಡ ಎಸ್ಟೇಟಿನವರ ಮನೆಯಲ್ಲಿ ಒಂದೋ ಎರಡೋ ವಿದೇಶಿ ಕಾರು ಇರುತ್ತಿದ್ದವು. ಅವನ್ನು ಬಿಟ್ಟರೆ ರಸ್ತೆಯಲ್ಲಿ ಕಾಣುತ್ತಿದ್ದದ್ದು ಮುಖ್ಯವಾಗಿ ಮೂರೇ: ಅಂಬಾಸಿಡರ್, ಫಿಯೆಟ್ ಮತ್ತು ಸ್ಟ್ಯಾಂಡರ್ಡ್ ಹೆರಾಲ್ಡ್. ಮೂರಕ್ಕೂ ಮೂರು ಮುಖ, ಮೂರು ದನಿ. ತೀರ್ಥಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡು, ಬರುತ್ತಿರುವುದು ಯಾವ ಕಾರು ಎಂದು ಹೇಳುವ ಆಟ ಆಡುತ್ತಿದ್ದೆವು. ಗಂಟಲು ಸರಿಪಡಿಸಿಕೊಳ್ಳುವ ಯಜಮಾನರ ಹಾಗೆ ಗೊರಗೊರ ಎಂದರೆ ಅಂಬಾಸಿಡರ್. ಹೊಲಿಗೆ ಯಂತ್ರದ ಹಾಗೆ ಚುರುಕಾಗಿ ಓಡಿಬಂದರೆ ಫಿಯೆಟ್. ತಪ್ಪು ಹೇಳಿದವರು ಉಳಿದವರಿಗೆ ಒಂದೊಂದು ನೆಲ್ಲಿಕಾಯಿ ಕೊಡಬೇಕಾಗಿತ್ತು.

ಅಂಬಾಸಿಡರ್ ಹುಟ್ಟಿದ್ದು 1957ರಲ್ಲಿ, ಪಶ್ಚಿಮ ಬಂಗಾಳದ ಉತ್ತರಪಾರಾ ಎಂಬ ಊರಿನ ಹಿಂದುಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ. ಅದರ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಎಂಬ ಕಾರು. ಇಂಗ್ಲೆಂಡಿನವರು ಅದನ್ನು ಬಿಟ್ಟು ಮುಂದೆ ಹೋದರು, ನಾವು ಅದನ್ನೇ ಸಾಕಿಕೊಂಡೆವು. ಗುಂಡುಗುಂಡಾದ ಆ ಆಕಾರ ಹೆಚ್ಚೇನೂ ಬದಲಾಗದೆ 2014ರವರೆಗೆ, ಅಂದರೆ 57 ವರ್ಷ, ಕಾರ್ಖಾನೆಯಿಂದ ಹೊರಗೆ ಬರುತ್ತಲೇ ಇತ್ತು. ಮಂತ್ರಿಗಳಿಗೂ ಅದೇ, ಮದುವೆ ದಿಬ್ಬಣಕ್ಕೂ ಅದೇ, ಟ್ಯಾಕ್ಸಿ ಸ್ಟ್ಯಾಂಡಿನಲ್ಲೂ ಅದೇ. ನಮ್ಮ ಕಾಲದ ಅದರ ಪೆಟ್ರೋಲ್ ಎಂಜಿನ್ 1489 ಸಿಸಿ. ಸಿಸಿ ಎಂದರೆ ಎಂಜಿನ್ನಿನ ಸಿಲಿಂಡರುಗಳ ಒಳಗಿನ ಜಾಗದ ಅಳತೆ. ಒಂದೂವರೆ ಲೀಟರ್ ನೀರು ಹಿಡಿಯುವಷ್ಟು ಜಾಗ ಎಂದು ಇಟ್ಟುಕೊಳ್ಳಿ. ಮುಂದಿನ ಸೀಟು ಬೆಂಚಿನ ಹಾಗೆ ಉದ್ದಕ್ಕೆ ಇತ್ತು. ಕಾಗದದ ಪ್ರಕಾರ ಎಷ್ಟು ಜನ ಎಂಬುದು ಬೇರೆ ಮಾತು. ನಮ್ಮೂರಿನಲ್ಲಿ ಎಂಟು ಜನ ಹತ್ತಿದ ಮೇಲೂ ‘ಇನ್ನೊಬ್ಬರು ಸ್ವಲ್ಪ ಒತ್ತರಿಸಿಕೊಳ್ಳಿ’ ಎಂಬ ಮಾತು ಕೇಳುತ್ತಿತ್ತು. 2013ರಲ್ಲಿ ಬಿಬಿಸಿಯ ಟಾಪ್ ಗೇರ್ ಕಾರ್ಯಕ್ರಮದವರು ಇದನ್ನು ಜಗತ್ತಿನ ಅತ್ಯುತ್ತಮ ಟ್ಯಾಕ್ಸಿ ಎಂದು ಆರಿಸಿದರು. ಸುದ್ದಿ ಓದಿ ನಮ್ಮೂರಿನ ಹಳೆಯ ಡ್ರೈವರುಗಳು ‘ಇದು ಗೊತ್ತಾಗಲಿಕ್ಕೆ ಇಷ್ಟು ವರ್ಷ ಬೇಕಿತ್ತಾ?’ ಎಂದು ನಕ್ಕರು.

ಫಿಯೆಟ್ಟಿನ ಮನೆ ಬೊಂಬಾಯಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ, ಇಟಲಿಯ ಫಿಯೆಟ್ 1100 ಕಾರನ್ನು ಕುರ್ಲಾದಲ್ಲಿ ತಯಾರಿಸುತ್ತಿತ್ತು. 1974ರ ಹೊತ್ತಿಗೆ ಅದಕ್ಕೆ ಚಿತ್ತೋರಿನ ರಾಣಿಯ ಹೆಸರು ಬಂತು: ಪ್ರೀಮಿಯರ್ ಪದ್ಮಿನಿ. ಎಂಜಿನ್ 1089 ಸಿಸಿ. ಅಂಬಾಸಿಡರಿಗಿಂತ ಚಿಕ್ಕದು, ಹಗುರ, ಪೇಟೆಯ ಸಂದಿಗಳಲ್ಲಿ ಸಲೀಸಾಗಿ ನುಸುಳುತ್ತಿತ್ತು. ಹಳೆಯ ಗುಂಡು ಮೂತಿಯ ಫಿಯೆಟ್ಟಿಗೆ ಬೊಂಬಾಯಿಯವರು ‘ಡುಕ್ಕರ್ ಫಿಯೆಟ್’ ಎಂದು ಅಡ್ಡಹೆಸರು ಇಟ್ಟಿದ್ದರು. ಡುಕ್ಕರ್ ಎಂದರೆ ಮರಾಠಿಯಲ್ಲಿ ಹಂದಿ! ಪದ್ಮಿನಿಯ ಮುಖ ಮಾತ್ರ ಹಾಗಿರಲಿಲ್ಲ, ಹೆಸರಿಗೆ ತಕ್ಕ ಹಾಗೆ ಚೆಂದವಾಗಿತ್ತು.

ಹೆರಾಲ್ಡ್ ತಯಾರಾಗುತ್ತಿದ್ದದ್ದು ಮದ್ರಾಸಿನಲ್ಲಿ. ಅದರ ವಿಶೇಷ ಎಂದರೆ ಎಂಜಿನ್ನಿನ ಮುಚ್ಚಳ. ಬಾನೆಟ್ಟು, ಎರಡೂ ಕಡೆಯ ಮಡ್‌ಗಾರ್ಡು, ದೀಪ ಎಲ್ಲ ಒಟ್ಟಾಗಿ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತಿತ್ತು. ಅದು ಬಾಯಿ ತೆರೆದಾಗ ನೋಡಲು ಶಾಲೆಯ ಮಕ್ಕಳೆಲ್ಲ ಸುತ್ತ ನಿಲ್ಲುತ್ತಿದ್ದೆವು.

ನಮ್ಮ ಬೆಂಗಳೂರಿನ ಕಾರನ್ನು ಮರೆಯಬಾರದು. 1982ರಲ್ಲಿ ಸಿಪಾನಿಯವರು ‘ಡಾಲ್ಫಿನ್’ ಎಂಬ ಪುಟ್ಟ ಕಾರು ತಂದರು. ಎರಡೇ ಬಾಗಿಲು, 848 ಸಿಸಿ ಎಂಜಿನ್, ಮೈ ತಗಡಿನದಲ್ಲ, ಫೈಬರ್ ಗ್ಲಾಸಿನದು. ಆದ್ದರಿಂದ ಮೈಗೆ ತುಕ್ಕು ಹಿಡಿಯುತ್ತಿರಲಿಲ್ಲ. ಹಗುರವಾಗಿದ್ದರಿಂದ ಮದ್ರಾಸಿನ ಹತ್ತಿರದ ಶೋಲಾವರಂ ಕಾರು ಪಂದ್ಯಗಳಲ್ಲೂ ಓಡಿತು. ಮರುವರ್ಷ, 1983ರ ಡಿಸೆಂಬರ್ 14ರಂದು, ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿ ಕೊಟ್ಟರು. ಅಲ್ಲಿಂದ ಮುಂದೆ ರಸ್ತೆಯ ಲೆಕ್ಕವೇ ಬದಲಾಯಿತು.

ಇನ್ನು ಓಡಿಸುವ ವಿಷಯ.

ನನಗೆ ಕಾರು ಕಲಿಸಿದವರು ನನ್ನ ಸೋದರಮಾವ. ತೀರ್ಥಹಳ್ಳಿಯಲ್ಲಿ ಅವರದೊಂದು ಅಂಬಾಸಿಡರ್ ಮಾರ್ಕ್ ಟು ಟ್ಯಾಕ್ಸಿ ಇತ್ತು. ನಾನು ಬಿಕಾಂ ಓದುತ್ತಿದ್ದಾಗ ರಜೆಗೆ ಬಂದರೆ ಬೆಳಿಗ್ಗೆ ಅದನ್ನು ತೊಳೆಯುವ ಕೆಲಸ ನನ್ನದು. ತೊಳೆದದ್ದಕ್ಕೆ ಕೂಲಿ ಎಂದರೆ ಒಂದು ಪಾಠ. ಮೊದಲ ಪಾಠ ಕಾರಿನ ಒಳಗಲ್ಲ, ಹೊರಗೆ. ಬ್ಯಾಟರಿ ಸುಸ್ತಾಗಿದ್ದರೆ ಎಂಜಿನ್ನನ್ನು ಕೈಯಿಂದ ಎಬ್ಬಿಸಬೇಕು. ಅದಕ್ಕೆ ಮುಂದಿನ ಬಂಪರಿನ ತೂತಿನೊಳಗೆ ಒಂದು ಬಾಗಿದ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸಬೇಕಾಗಿತ್ತು. ಎಂಜಿನ್ ಕೆಲವೊಮ್ಮೆ ಹಿಂದಕ್ಕೆ ಒದೆಯುತ್ತದೆ. ಹ್ಯಾಂಡಲನ್ನು ಮುಷ್ಟಿ ಕಟ್ಟಿ ಹಿಡಿದಿದ್ದರೆ ಹೆಬ್ಬೆರಳು ಮುರಿದೇ ಹೋಗುತ್ತದೆ. ಹೆಬ್ಬೆರಳನ್ನೂ ಉಳಿದ ನಾಲ್ಕು ಬೆರಳುಗಳ ಕಡೆಗೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಒದ್ದರೆ ಹ್ಯಾಂಡಲ್ ಕೈಯಿಂದ ಜಾರಿ ಹೋಗುತ್ತದೆ, ಬೆರಳು ಉಳಿಯುತ್ತದೆ. ಮಾವ ಇದನ್ನು ಹತ್ತು ಸಲ ಮಾಡಿಸಿ ನೋಡಿದ ಮೇಲೆಯೇ ಬಾಗಿಲು ತೆಗೆದು ಒಳಗೆ ಕೂರಿಸಿದರು.

ಒಳಗೆ ಇನ್ನೊಂದು ಲೋಕ. ಗೇರಿನ ಕಡ್ಡಿ ಈಗಿನ ಹಾಗೆ ಕಾಲ ಹತ್ತಿರ ಇರಲಿಲ್ಲ, ಸ್ಟೀರಿಂಗಿನ ಕಂಬಕ್ಕೇ ಸೇರಿಕೊಂಡಿತ್ತು. ನಮ್ಮ ಕಡೆ ಎಳೆದುಕೊಂಡು ಮೇಲೆ ಕೆಳಗೆ ಎರಡು ಗೇರು, ಆಚೆ ತಳ್ಳಿ ಮೇಲೆ ಕೆಳಗೆ ಇನ್ನೆರಡು. ಒಟ್ಟು ನಾಲ್ಕು. ದೀಪ ತಗ್ಗಿಸುವ ಡಿಪ್ಪರ್ ಗುಂಡಿ ಕೈಯಲ್ಲಲ್ಲ, ಎಡಗಾಲಿನ ಹತ್ತಿರ ನೆಲದಲ್ಲಿ. ಛಳಿಯ ಬೆಳಿಗ್ಗೆ ‘ಚೋಕ್’ ಎಂಬ ಗುಬುಟನ್ನು ಎಳೆಯಬೇಕು. ಅದನ್ನು ಎಳೆದರೆ ಎಂಜಿನ್ನಿಗೆ ಹೋಗುವ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ, ತಣ್ಣಗಿರುವ ಎಂಜಿನ್ ಬೇಗ ಹೊತ್ತಿಕೊಳ್ಳುತ್ತದೆ. ಬಿಸಿಯಾದ ಮೇಲೆ ಗುಬುಟನ್ನು ಒಳಗೆ ತಳ್ಳಬೇಕು. ಯಾವಾಗ ತಳ್ಳಬೇಕು ಎಂದು ಹೇಳುವ ದೀಪವಿಲ್ಲ, ಮೀಟರಿಲ್ಲ. ಎಂಜಿನ್ನಿನ ದನಿ ಕೇಳಿಯೇ ತಿಳಿಯಬೇಕು. ‘ಗಾಡಿ ಹೇಳ್ತದೆ ಮಾರಾಯ, ನೀನು ಕೇಳಿಸ್ಕೊಬೇಕು ಅಷ್ಟೆ’ ಎಂದು ಮಾವ ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು.

ಎಲ್ಲಕ್ಕಿಂತ ಕಷ್ಟದ ವಿದ್ಯೆ ‘ಡಬಲ್ ಕ್ಲಚ್’. ಈಗಿನ ಕಾರುಗಳಲ್ಲಿ ಗೇರು ಬದಲಿಸುವಾಗ ಒಳಗಿನ ಹಲ್ಲುಚಕ್ರಗಳು ತಾವಾಗಿಯೇ ವೇಗ ಹೊಂದಿಸಿಕೊಳ್ಳುತ್ತವೆ. ಆ ಕಾಲದ ಅಂಬಾಸಿಡರಿನ ಮೊದಲ ಗೇರಿಗೆ ಆ ಅನುಕೂಲ ಇರಲಿಲ್ಲ. ಓಡುತ್ತಿರುವಾಗ ಮೊದಲ ಗೇರಿಗೆ ಇಳಿಸಬೇಕಾದರೆ ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್ಲಿಗೆ ತರಬೇಕು, ಕ್ಲಚ್ ಬಿಟ್ಟು ಆಕ್ಸಿಲರೇಟರನ್ನು ಒಂದು ಸಲ ಹಗುರವಾಗಿ ಅದುಮಬೇಕು, ಮತ್ತೆ ಕ್ಲಚ್ ಒತ್ತಿ ಮೊದಲ ಗೇರಿಗೆ ಹಾಕಬೇಕು. ಇಷ್ಟೂ ಒಂದು ಉಸಿರಿನಲ್ಲಿ ಆಗಬೇಕು. ಹೊಂದಿದರೆ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯುತ್ತದೆ. ಹೊಂದದಿದ್ದರೆ ‘ಕರ್ರ್’ ಎಂಬ ಸದ್ದು ಬಸ್‌ಸ್ಟ್ಯಾಂಡಿನವರೆಗೂ ಕೇಳಿಸುತ್ತದೆ. ಅದು ಮೊದಲ ಸಲ ಸದ್ದಿಲ್ಲದೆ ಇಳಿದ ಸಾಯಂಕಾಲ ನನಗೆ ಇಂದಿಗೂ ನೆನಪಿದೆ. ಪರೀಕ್ಷೆಯ ಫಲಿತಾಂಶ ಬಂದ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ. ಮಕ್ಕಳೇ, ಓಡಿಸುವ ಸುಖ ಎಂದರೆ ವೇಗ ಎಂದು ಎಷ್ಟೋ ಜನ ತಿಳಿದಿದ್ದಾರೆ. ನಮಗೆ ಆ ಸುಖ ಗಂಟೆಗೆ 20 ಕಿಲೋಮೀಟರಿನಲ್ಲೇ ಸಿಕ್ಕಿಬಿಡುತ್ತಿತ್ತು.

ಆ ವಿದ್ಯೆಯ ಬೆಲೆ ನನಗೆ ಗೊತ್ತಾದದ್ದು 1971ರ ಆಷಾಢದ ಒಂದು ರಾತ್ರಿ. ನಮ್ಮ ಬೀದಿಯ ಕೊನೆಯ ಮನೆಯ ಸೊಸೆಗೆ ಹೆರಿಗೆ ನೋವು ಶುರುವಾಗಿ ಕಷ್ಟಕ್ಕಿಟ್ಟುಕೊಂಡಿತ್ತು. ಸೂಲಗಿತ್ತಿ ‘ನನ್ನ ಕೈಯಲ್ಲಿ ಆಗುವುದಲ್ಲ, ಘಟ್ಟ ಇಳಿಸಿ’ ಎಂದಳು. ಘಟ್ಟ ಇಳಿಸುವುದು ಎಂದರೆ ಆಗುಂಬೆ ಘಾಟಿ ಇಳಿದು ಮಣಿಪಾಲದ ಆಸ್ಪತ್ರೆಗೆ ಹೋಗುವುದು. ಆಗುಂಬೆಯ ಮಳೆ ನಿಮಗೆ ಗೊತ್ತೇ ಇದೆ. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಊರು ಅದು. ಮೇಲಿನಿಂದ ಸೋಮೇಶ್ವರದವರೆಗೆ 14 ಹಿಮ್ಮುರಿ ತಿರುವುಗಳು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕತ್ತಲು. ಮಾವ ಸ್ಟೀರಿಂಗಿಗೆ ಕೂತರು. ಹಿಂದೆ ಆ ಹೆಣ್ಣುಮಗಳು, ಅವಳ ಅತ್ತೆ, ಗಂಡ. ಮುಂದೆ ಮಾವನ ಪಕ್ಕ ನಾನು.

ಆಗುಂಬೆ ತಲುಪುವ ಮೊದಲೇ ಗಾಳಿಗೆ ಮುರಿದ ಮರದ ಗೆಲ್ಲೊಂದು ಬಂದು ಗಾಜಿಗೆ ಬಡಿದು ವೈಪರಿನ ಕಡ್ಡಿಯನ್ನು ಕಿತ್ತುಕೊಂಡು ಹೋಯಿತು. ಮಾವ ಕಾರು ನಿಲ್ಲಿಸಿ ತಮ್ಮ ಎಲೆಅಡಿಕೆ ಚೀಲದಿಂದ ಹೊಗೆಸೊಪ್ಪು ತೆಗೆದು ಗಾಜಿನ ಹೊರಮೈಗೆಲ್ಲ ತಿಕ್ಕಿದರು. ಹಾಗೆ ತಿಕ್ಕಿದರೆ ನೀರು ಹನಿಹನಿಯಾಗಿ ನಿಲ್ಲದೆ ತೆಳುವಾದ ಹಾಳೆಯ ಹಾಗೆ ಹರಿದು ಹೋಗುತ್ತದೆ, ದಾರಿ ಸ್ವಲ್ಪ ಕಾಣುತ್ತದೆ. ಹೊಗೆಸೊಪ್ಪಿನಿಂದ ಮನುಷ್ಯರಿಗೆ ಆದ ಒಂದೇ ಒಂದು ಉಪಕಾರ ಇದೇ ಇರಬೇಕು.

ಘಾಟಿಯಲ್ಲಿ ಮಂಜು. ಮಾವ ಎಡಗಾಲಿನಿಂದ ಡಿಪ್ಪರ್ ಒತ್ತಿ ದೀಪ ತಗ್ಗಿಸಿದರು. ಮಂಜಿನಲ್ಲಿ ದೊಡ್ಡ ದೀಪ ಹಾಕಿದರೆ ಬೆಳಕು ಮಂಜಿಗೇ ಬಡಿದು ನಮ್ಮ ಕಣ್ಣಿಗೇ ವಾಪಸು ಬರುತ್ತದೆ, ಎದುರಿಗೆ ಬಿಳಿ ಗೋಡೆ ಎದ್ದ ಹಾಗಾಗುತ್ತದೆ. ಪ್ರತಿ ತಿರುವಿಗೂ ಮೊದಲು ಅದೇ ಡಬಲ್ ಕ್ಲಚ್, ಗೇರು ಕೆಳಗೆ. ಬ್ರೇಕನ್ನು ಅವರು ಮುಟ್ಟಿದ್ದೇ ಕಡಿಮೆ. ಆ ಕಾಲದ ಕಾರಿನ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಇಳಿಜಾರಿನಲ್ಲಿ ಒತ್ತುತ್ತಲೇ ಇದ್ದರೆ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕೆಳಗಿನ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ. ಏರುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು ಎಂಬುದು ಘಾಟಿಯ ಡ್ರೈವರುಗಳ ಲೆಕ್ಕ. ಇದು ಇಂದಿನ ಕಾರಿಗೂ ಅನ್ವಯಿಸುವ ಮಾತು, ಅಪ್ಪ ಅಮ್ಮನಿಗೆ ಓದಿ ಹೇಳಿ.

ಅರ್ಧ ದಾರಿಯಲ್ಲಿ ಕೆಳಗಿನಿಂದ ಒಂದು ಲಾರಿಯ ಬೆಳಕು ಕಂಡಿತು. ನಮಗೆ ಅವಸರ. ಆದರೂ ಮಾವ ಕಾರನ್ನು ಬಂಡೆಯ ಕಡೆಗೆ ಒತ್ತಿ ನಿಲ್ಲಿಸಿಕೊಂಡರು. ಏರುವ ಗಾಡಿಗೆ ಮೊದಲು ದಾರಿ ಕೊಡಬೇಕು, ಅದು ಘಟ್ಟದ ರಸ್ತೆಯ ನಿಯಮ. ಹೇರು ಹೊತ್ತು ಏರುವ ಗಾಡಿ ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ, ಹಿಂದಕ್ಕೆ ಜಾರಿದರೆ ಎಲ್ಲರಿಗೂ ಆಪತ್ತು. ಹಿಂದಿನ ಸೀಟಿನಿಂದ ನರಳುವ ದನಿ ಕೇಳುತ್ತಿರುವಾಗ ಆ ಎರಡು ನಿಮಿಷ ಸುಮ್ಮನೆ ನಿಂತದ್ದನ್ನು ನಾನು ಮರೆತಿಲ್ಲ. ಮಾವ ಸ್ಟೀರಿಂಗಿನ ಮೇಲೆ ಬೆರಳು ತಟ್ಟಲಿಲ್ಲ, ಹಾರನ್ ಮಾಡಲಿಲ್ಲ, ಹಿಂದೆ ತಿರುಗಿ ‘ಇನ್ನು ಎಂಟೇ ತಿರುವು ತಂಗೀ’ ಎಂದರು. ಆಮೇಲೆ ಪ್ರತಿ ತಿರುವು ಕಳೆದಾಗಲೂ ಗಟ್ಟಿಯಾಗಿ ಎಣಿಸುತ್ತಾ ಹೋದರು: ಏಳು, ಆರು, ಐದು. ಅವರ ಎಣಿಕೆಗೆ ಅವಳೂ ದನಿಗೂಡಿಸಿದಳು. ಬೆಳಗಿನ ಜಾವ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು, ತಾಯಿ ಮಗು ಇಬ್ಬರೂ ಕ್ಷೇಮ. ಆ ಮಗುವಿಗೂ ಈಗ ಐವತ್ತು ದಾಟಿದೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದ ಮೇಲೆ ಬಹಳ ವರ್ಷ ನಾನು ಕಾರು ಓಡಿಸಿದ್ದು ಬೇರೆಯವರದೇ. ನಮ್ಮ ಸಂಬಳಕ್ಕೆ ಸೈಕಲ್ಲು, ಆಮೇಲೆ ಸ್ಕೂಟರು. ಆಗ ಹೊಸ ಕಾರು ಬೇಕೆಂದರೆ ದುಡ್ಡಿದ್ದರೂ ಸಾಲದು, ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಕೊನೆಗೆ 1988ರಲ್ಲಿ ಶಿವಮೊಗ್ಗದ ವೈದ್ಯರೊಬ್ಬರು ಊರು ಬಿಡುವಾಗ ತಮ್ಮ 1976ರ ಪದ್ಮಿನಿಯನ್ನು ನನಗೆ ಕೊಟ್ಟರು. ಬೆಲೆ ನನ್ನ 14 ತಿಂಗಳ ಸಂಬಳ. ಕೆನೆ ಬಣ್ಣ, ಸ್ಟೀರಿಂಗಿಗೇ ಅಂಟಿದ ಗೇರು, ಬಾಗಿಲ ಗಾಜಿನ ಪಕ್ಕ ತ್ರಿಕೋನದ ಪುಟ್ಟ ಕಿಟಕಿ. ಆ ಕಿಟಕಿಯನ್ನು ಸ್ವಲ್ಪ ತಿರುಗಿಸಿಟ್ಟರೆ ಗಾಳಿ ನೇರ ಮುಖಕ್ಕೇ ಬರುತ್ತದೆ. ನಮ್ಮ ಏಸಿ ಅದೇ.

ಪದ್ಮಿನಿಯಲ್ಲಿ ನಮ್ಮ ಸಂಸಾರದ ಪ್ರವಾಸಗಳೆಲ್ಲ ಆದವು. ಬೇಸಿಗೆಯ ಏರಿನಲ್ಲಿ ಒಮ್ಮೊಮ್ಮೆ ಎಂಜಿನ್ ಇದ್ದಕ್ಕಿದ್ದಂತೆ ಸುಮ್ಮನಾಗುವುದುಂಟು. ಪೆಟ್ರೋಲ್ ಬೇಗ ಆವಿಯಾಗುವ ವಸ್ತು. ಎಂಜಿನ್ನಿನ ಬಿಸಿಗೆ ಕೊಳವೆಯಲ್ಲೇ ಆವಿಯಾಗಿ ಗುಳ್ಳೆ ಕಟ್ಟಿಕೊಂಡರೆ ಪಂಪಿಗೆ ಎಳೆಯಲು ದ್ರವವೇ ಸಿಗುವುದಿಲ್ಲ. ಆಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯಬೇಕು, ತಣ್ಣಗಾಗಿ ಗುಳ್ಳೆ ಕರಗಿದರೆ ಮತ್ತೆ ಹೊರಡುತ್ತದೆ. ನನ್ನ ಹೆಂಡತಿ ಪ್ರತಿ ಪ್ರವಾಸಕ್ಕೂ ಒಂದು ಹಳೆಯ ಟವೆಲನ್ನು ‘ಪದ್ಮಿನಿಯ ತಲೆವಸ್ತ್ರ’ ಎಂದು ಬೇರೆಯೇ ಎತ್ತಿಡುತ್ತಿದ್ದಳು. ಆ ಹತ್ತು ನಿಮಿಷಗಳಲ್ಲಿ ಮಕ್ಕಳು ಎಷ್ಟು ಮರ, ಎಷ್ಟು ಹಕ್ಕಿ ಗುರುತಿಸಲು ಕಲಿತರು ಎಂಬುದಕ್ಕೆ ಲೆಕ್ಕವಿಲ್ಲ.

ಈಗ ಇದನ್ನೆಲ್ಲ ಬರೆಯುವುದಕ್ಕೆ ಒಂದು ಕಾರಣವಿದೆ. ಈ ವರ್ಷ ನಮ್ಮ ಪದ್ಮಿನಿಗೆ 50 ತುಂಬುತ್ತದೆ.

50 ತುಂಬಿದ ವಾಹನಕ್ಕೆ ಸರ್ಕಾರ 2021ರಲ್ಲಿ ಒಂದು ಹೊಸ ಗೌರವ ತಂದಿದೆ. ಹೆಚ್ಚು ಬದಲಾವಣೆ ಮಾಡದೆ ಮೂಲ ರೂಪದಲ್ಲೇ ಉಳಿಸಿಕೊಂಡ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ. ನಂಬರ್ ಫಲಕದಲ್ಲಿ ರಾಜ್ಯದ ಅಕ್ಷರಗಳ ಮುಂದೆ ‘ವಿಎ’ ಎಂಬ ಎರಡಕ್ಷರ ಬರುತ್ತದೆ. ನೋಡಿದವರು ನಿಂತು ಕೈಮುಗಿಯುವಂಥ ಫಲಕ. ಆದರೆ ನಿಯಮದಲ್ಲಿ ಇನ್ನೊಂದು ಸಾಲಿದೆ. ಹೀಗೆ ನೋಂದಾಯಿಸಿದ ಕಾರನ್ನು ಪ್ರದರ್ಶನಕ್ಕೆ, ವಿಂಟೇಜ್ ರ್‍ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಪೆಟ್ರೋಲ್ ತುಂಬಿಸಲು, ದುರಸ್ತಿಗೆ ಮಾತ್ರ ರಸ್ತೆಗೆ ತರಬಹುದು. ದಿನಬಳಕೆಗೆ ಓಡಿಸುವಂತಿಲ್ಲ.

ಮಗ ಹೇಳಿದ: ‘ಅಪ್ಪ, ವಿಂಟೇಜ್ ಮಾಡಿಸೋಣ. ಇನ್ನು ಅದಕ್ಕೆ ವಿಶ್ರಾಂತಿ.’ ಅವನ ಮಾತಿನಲ್ಲಿ ಅರ್ಥವಿಲ್ಲದೆ ಇಲ್ಲ. ಹಳೆಯ ಕಾರಿನ ಹೊಗೆ ಹೆಚ್ಚು. ಏರ್‌ಬ್ಯಾಗ್ ಇಲ್ಲ. ಸೀಟ್ ಬೆಲ್ಟನ್ನು ನಾನೇ ಆಮೇಲೆ ಹಾಕಿಸಿದ್ದು. ಬಿಡಿಭಾಗಕ್ಕೆ ಊರೂರು ಅಲೆಯಬೇಕು. ಹಳೆಯ ವಾಹನಗಳ ನವೀಕರಣ ಶುಲ್ಕವೂ ಈಚೆಗೆ ಏರಿದೆ. ಬೊಂಬಾಯಿಯಲ್ಲಿ ಕೊನೆಯದಾಗಿ 2003ರ ಅಕ್ಟೋಬರಿನಲ್ಲಿ ನೋಂದಣಿಯಾಗಿದ್ದ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿ, ಅವಧಿಯ 20 ವರ್ಷ ಮುಗಿಸಿ 2023ರ ಅಕ್ಟೋಬರ್ 30ರಂದು ರಸ್ತೆಯಿಂದ ಸರಿಯಿತು. ಸಾವಿರಾರು ಪದ್ಮಿನಿಗಳಿದ್ದ ಊರಿನಲ್ಲೇ ಹಾಗಾದ ಮೇಲೆ ಶಿವಮೊಗ್ಗದ ಒಂದು ಪದ್ಮಿನಿಯ ಮಾತೇನು?

ಇದೇ ಹೊತ್ತಿಗೆ ರೆಸಾರ್ಟಿನ ಒಬ್ಬರು ಮನೆಗೆ ಬಂದರು. ಪದ್ಮಿನಿಯನ್ನು ತಮ್ಮ ಗೇಟಿನ ಪಕ್ಕ ಇಡುವ ಆಸೆ ಅವರಿಗೆ. ಬಂದವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಒಳ್ಳೆಯ ಬೆಲೆಯನ್ನೇ ಹೇಳಿದರು. ನಾನು, ‘ಎಂಜಿನ್ ಚೆನ್ನಾಗಿದೆ, ಒಂದು ಸುತ್ತು ಹೋಗಿಬರೋಣ ಬನ್ನಿ’ ಎಂದೆ. ‘ಬೇಡ ಸಾರ್, ಓಡುವುದು ಬೇಕಾಗಿಲ್ಲ, ನಿಂತಿದ್ದರೆ ಸಾಕು’ ಎಂದರು. ಅವರದು ಸಜ್ಜನಿಕೆಯ ಮಾತೇ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಿದ್ದೆ ಬಾರದ್ದು ಕಾರಿನ ಚಿಂತೆಯೊಂದರಿಂದಲೇ ಅಲ್ಲ ಎಂದು ನನ್ನ ವಯಸ್ಸಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮಗೂ ಮನೆಯಲ್ಲಿ ಗೌರವಕ್ಕೆ ಕೊರತೆಯಿಲ್ಲ. ಹಬ್ಬಕ್ಕೆ ಹೊಸ ಪಂಚೆ, ಮದುವೆಯಲ್ಲಿ ಮುಂದಿನ ಕುರ್ಚಿ, ಫೋಟೋದಲ್ಲಿ ನಡುವಿನ ಜಾಗ. ಆದರೆ ತರಕಾರಿ ತರಲು ಹೊರಟರೆ ‘ನೀವು ಯಾಕೆ, ಕೂತಿರಿ’ ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುವ ಮಾತು ಅದು. ಆದರೆ ದಿನಕ್ಕೆ ಹತ್ತು ಸಲ ‘ಕೂತಿರಿ’ ಎನ್ನಿಸಿಕೊಂಡ ಮನುಷ್ಯ ಕಡೆಗೆ ಕೂತೇ ಬಿಡುತ್ತಾನೆ. ಎಂಜಿನ್ನಿನ ಕಥೆಯೂ ಅಷ್ಟೆ. ಯಾವ ಮೆಕ್ಯಾನಿಕ್ಕನ್ನು ಬೇಕಾದರೂ ಕೇಳಿ: ತಿಂಗಳುಗಟ್ಟಲೆ ನಿಂತ ಕಾರು ಓಡುವ ಕಾರಿಗಿಂತ ಬೇಗ ಕೆಡುತ್ತದೆ. ಬ್ಯಾಟರಿ ಸಾಯುತ್ತದೆ, ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ, ರಬ್ಬರು ಬಿರಿಯುತ್ತದೆ, ತೊಟ್ಟಿಯಲ್ಲಿ ಪೆಟ್ರೋಲ್ ಹಳಸುತ್ತದೆ.

ಹಾಗೆಂದು ಪ್ರದರ್ಶನದ ಕಾರುಗಳು ಬೇಡವೆಂದು ನಾನು ಹೇಳುವುದಿಲ್ಲ. ಧರ್ಮಸ್ಥಳಕ್ಕೆ ಹೋದವರು ಮಂಜೂಷಾ ವಸ್ತುಸಂಗ್ರಹಾಲಯದವರು ಕಾಪಾಡಿಕೊಂಡು ಬಂದ ಹಳೆಯ ಕಾರುಗಳನ್ನು ತಪ್ಪದೆ ನೋಡಬೇಕು. ಅಂಥವರು ಇಲ್ಲದಿದ್ದರೆ ಎಷ್ಟೋ ಕಾರುಗಳು ಗುಜರಿಗೆ ಹೋಗಿ ಮೊಳೆಯಾಗುತ್ತಿದ್ದವು. ಓಡಲಾರದ್ದನ್ನು ಗೌರವದಿಂದ ಇಡಲೇಬೇಕು. ಆದರೆ ಇನ್ನೂ ಓಡಬಲ್ಲದ್ದನ್ನು, ವಯಸ್ಸು ಇಷ್ಟಾಯಿತು ಎಂಬ ಒಂದೇ ಲೆಕ್ಕದಿಂದ ನಿಲ್ಲಿಸಬೇಕೇ? ನನ್ನ ಪ್ರಶ್ನೆ ಇಷ್ಟೇ.

ಬ್ಯಾಂಕಿನವನಾದ್ದರಿಂದ ಕಾಗದ ಪೆನ್ನು ಹಿಡಿದು ಕೂತು ಲೆಕ್ಕ ಹಾಕಿದೆ. ಹಳೆಯ ಖಾಸಗಿ ಕಾರಿನ ಸಾಮಾನ್ಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಮೊದಲು ಅಧಿಕಾರಿಗಳು ಕಾರನ್ನು ಪರೀಕ್ಷಿಸುತ್ತಾರೆ. ನನ್ನ ವಯಸ್ಸಿನವರ ಲೈಸೆನ್ಸನ್ನೂ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಮೊದಲು ವೈದ್ಯರು ನನ್ನನ್ನು ಪರೀಕ್ಷಿಸುತ್ತಾರೆ. ಇಬ್ಬರದೂ ಐದು ವರ್ಷದ ಠೇವಣಿ ಇದ್ದ ಹಾಗೆ. ಅವಧಿ ಮುಗಿದಾಗ ಯೋಗ್ಯತೆ ಇದ್ದರೆ ಮುಂದುವರಿಕೆ, ಇಲ್ಲದಿದ್ದರೆ ಖಾತೆ ಮುಕ್ತಾಯ. ವಯಸ್ಸು ನೋಡಿ ಅಲ್ಲ, ಪರೀಕ್ಷೆ ಮಾಡಿ ತೀರ್ಮಾನ. ಇದಕ್ಕಿಂತ ನ್ಯಾಯವಾದ ವ್ಯವಸ್ಥೆ ಯಾವುದಿದೆ?

ಆದ್ದರಿಂದ ಪದ್ಮಿನಿಗೆ ವಿಎ ಫಲಕ ಈಗ ಬೇಡ ಎಂದು ಮನೆಯಲ್ಲಿ ಹೇಳಿದ್ದೇನೆ. ಅದು ತಿಂಗಳಿಗೊಮ್ಮೆ ಶಿವಮೊಗ್ಗದಿಂದ ತೀರ್ಥಹಳ್ಳಿಗೆ, ತುಂಗಾ ನದಿಯ ಪಕ್ಕದ ದಾರಿಯಲ್ಲಿ, ಗಾಜನೂರು, ಸಕ್ರೆಬೈಲು, ಮಂಡಗದ್ದೆ ಹಾದು ಹೋಗಿ ಬರಲಿ. ಪೇಟೆಯ ದಿನನಿತ್ಯದ ಓಡಾಟಕ್ಕೆ ಮಗನ ಹೊಸ ಕಾರಿದೆ, ಹೊಗೆಯ ಲೆಕ್ಕವನ್ನೂ ನಾವು ಮರೆಯುವಂತಿಲ್ಲ. ವೈದ್ಯರು ‘ಕಣ್ಣು ಸಾಲದು’ ಎಂದ ದಿನ ನಾನು ಕೀಲಿ ಕೆಳಗಿಡುತ್ತೇನೆ, ಅದರಲ್ಲಿ ಹಟವಿಲ್ಲ. ರಸ್ತೆ ನನ್ನೊಬ್ಬನದಲ್ಲ. ಅಧಿಕಾರಿಗಳು ‘ಈ ಕಾರು ಸಾಲದು’ ಎಂದ ದಿನ ಅದು ಧಾರಾಳವಾಗಿ ವಿಂಟೇಜ್ ಆಗಲಿ, ನಾನೇ ಹೂವಿನ ಹಾರ ಹಾಕುತ್ತೇನೆ. ಇಬ್ಬರಲ್ಲಿ ಯಾರು ಮೊದಲು ನಪಾಸಾಗುತ್ತೇವೋ ನೋಡಬೇಕು.

ಅಜ್ಜಂದಿರೇ ಅಜ್ಜಿಯರೇ, ನಿಮ್ಮ ಕೈಯಲ್ಲೂ ಇಂಥದ್ದೊಂದು ವಿದ್ಯೆ ಇರುತ್ತದೆ. ಕಾರಿನದೇ ಆಗಬೇಕಾಗಿಲ್ಲ. ಹೊಲಿಗೆ ಯಂತ್ರ, ರೇಡಿಯೋ, ಒರಳುಕಲ್ಲು, ಏನಾದರೂ ಆಗಲಿ. ಅದನ್ನು ಗಾಜಿನ ಕಪಾಟಿನಲ್ಲಿ ಇಡಬೇಡಿ, ಮಕ್ಕಳ ಕೈಗೆ ಕೊಟ್ಟು ಮಾಡಿಸಿ. ಮಕ್ಕಳೇ, ನೀವು ಮನೆಯ ಹಿರಿಯರನ್ನು ‘ನಿಮ್ಮ ಮೊದಲ ಗಾಡಿ ಯಾವುದು? ಅದು ಹೇಗೆ ಸದ್ದು ಮಾಡುತ್ತಿತ್ತು?’ ಎಂದು ಕೇಳಿ. ಬಾಯಿಂದಲೇ ಸದ್ದು ಮಾಡಿ ತೋರಿಸಿಯಾರು.

ನನ್ನ ಮೊಮ್ಮಗಳಿಗೆ ಈಗ ಹದಿಮೂರು. ಹದಿನೆಂಟು ತುಂಬದೆ ಸ್ಟೀರಿಂಗ್ ಕೊಡುವುದಿಲ್ಲ ಎಂದು ಖಂಡಿತವಾಗಿ ಹೇಳಿದ್ದೇನೆ. ಆದರೆ ಬೆಳಿಗ್ಗೆ ಚೋಕ್ ಎಳೆದು ಎಂಜಿನ್ ಎಬ್ಬಿಸಿದ ಮೇಲೆ ಅದನ್ನು ಯಾವಾಗ ಒಳಗೆ ತಳ್ಳಬೇಕು ಎಂದು ಹೇಳುವ ಕೆಲಸ ಅವಳದು. ಪಕ್ಕದ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಕೇಳುತ್ತಾಳೆ. ‘ಈಗ’ ಎನ್ನುತ್ತಾಳೆ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿರುತ್ತದೆ.